ಕಾಳುಪಲ್ಯ (ಉತ್ತರ ಕರ್ನಾಟಕ)

ಕಾಳುಪಲ್ಯವು ಉತ್ತರ ಕರ್ನಾಟಕದಲ್ಲಿ, ವಿಶೇಷವಾಗಿ ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ, ಜೋಳದ ಅಥವಾ ಸಜ್ಜೆಯ ರೊಟ್ಟಿಯೊಡನೆ ಉಣ್ಣುವ ಮುಖ್ಯ ವ್ಯಂಜನವಾಗಿದೆ. ಇಡೀ ದ್ವಿದಳ ಧಾನ್ಯವನ್ನು ನೆನೆಸಿ, ಹಲವು ವೇಳೆ ಮೊಳಕೆ ಬರಿಸಿ, ಬೇಯಿಸಿ, ಉಳ್ಳಾಗಡ್ಡಿ ಹಾಗೂ ಮಸಾಲೆ ಖಾರದ ಒಗ್ಗರಣೆಯಲ್ಲಿ ಹದಗೊಳಿಸಿ, ಹುರಿದ ಶೇಂಗಾ ಅಥವಾ ಗುರೆಳ್ಳಿನ ಪುಡಿಯಿಂದ ಗಟ್ಟಿಗೊಳಿಸುವುದು ಇದರ ಸಾಮಾನ್ಯ ಕ್ರಮ. ಒಂದು ದಿನ ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಲು ಅನುಕೂಲವಾಗಿರುವುದರಿಂದ ಹಬ್ಬಗಳಿಗೆ, ಹೊಲದ ಬುತ್ತಿಗೆ ಮತ್ತು ಜಾತ್ರೆಯ ದಾಸೋಹಗಳಿಗೆ ಈ ಪಲ್ಯವನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತಾರೆ. ಆದರೆ ಬೇಯಿಸಿದ ಕಾಳು ಬೇಗ ಕೆಡುವ ಆಹಾರವೂ ಆಗಿರುವುದರಿಂದ, ಯಾವ ಹಂತವನ್ನು ಮುಂಚಿತವಾಗಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ತಿಳಿವಳಿಕೆ ಅಗತ್ಯ.

ಹೆಸರು ಮತ್ತು ಬಗೆಗಳು

ದಕ್ಷಿಣ ಕರ್ನಾಟಕದಲ್ಲಿ 'ಪಲ್ಯ' ಎಂದರೆ ಅನ್ನದ ಪಕ್ಕದಲ್ಲಿ ಬಡಿಸುವ ಒಣ ವ್ಯಂಜನವೆಂಬ ಅರ್ಥವೇ ಪ್ರಧಾನ. ಧಾರವಾಡದ ಕಡೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಬಹುತೇಕ ಎಲ್ಲವನ್ನೂ ಪಲ್ಯವೆಂದೇ ಕರೆಯುತ್ತಾರೆ. ಅದು ರಸವಿರುವ ಪದಾರ್ಥವೂ ಆಗಿರಬಹುದು. ಹದವನ್ನು ಅನುಸರಿಸಿ ಕಾಳುಪಲ್ಯದಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

• ಒಣಪಲ್ಯ: ನೀರು ಪೂರ್ತಿಯಾಗಿ ಇಂಗಿದ್ದು, ಕಾಳು ಬಿಡಿಬಿಡಿಯಾಗಿರುತ್ತದೆ. ಬುತ್ತಿಗೆ ಹೆಚ್ಚು ಸೂಕ್ತ.
• ಗಟ್ಟಿಪಲ್ಯ: ಶೇಂಗಾ ಪುಡಿ ಮತ್ತು ಮಸೆದ ಕಾಳಿನಿಂದ ರಸವು ಕೆನೆಯಂತೆ ದಪ್ಪವಾಗಿರುತ್ತದೆ. ಹಬ್ಬದ ಊಟದಲ್ಲಿ ಸಾಮಾನ್ಯ.
• ರಸಪಲ್ಯ: ತೆಳುವಾದ ರಸವಿದ್ದು, ರೊಟ್ಟಿಯನ್ನು ಮುರಿದು ನೆನೆಸಿ ಉಣ್ಣಲು ಮತ್ತು ಅನ್ನಕ್ಕೆ ಕಲಸಲು ಬಳಕೆಯಾಗುತ್ತದೆ.

ಪ್ರದೇಶ ಮತ್ತು ಬೆಳೆ

ಧಾರವಾಡ ಜಿಲ್ಲೆಯ ಪೂರ್ವಭಾಗದ ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲ್ಲೂಕುಗಳು ಆಳವಾದ ಕಪ್ಪುಮಣ್ಣಿನ ಬಯಲು ಪ್ರದೇಶಗಳು. ಎರೆಭೂಮಿ ಎಂದು ಕರೆಯಲಾಗುವ ಈ ಮಣ್ಣು ಮಳೆಯ ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿಯನ್ನೂ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ ಮತ್ತು ಕುಸುಬೆಯನ್ನೂ ಬೆಳೆಯುವ ಪದ್ಧತಿ ಇಲ್ಲಿ ಬೇರೂರಿದೆ. ಪಶ್ಚಿಮದ ಕಲಘಟಗಿ ತಾಲ್ಲೂಕು ಮಲೆನಾಡಿನ ಅಂಚಿನಲ್ಲಿದ್ದು, ಅಲ್ಲಿ ಭತ್ತ, ಗೋವಿನಜೋಳ ಮತ್ತು ಸೋಯಾ ಅವರೆ ಪ್ರಧಾನ. ಹೀಗಾಗಿ ಒಂದೇ ಜಿಲ್ಲೆಯೊಳಗೆ ಪೂರ್ವದಲ್ಲಿ ಕಾಳುಪಲ್ಯವು ರೊಟ್ಟಿಯ ಜೊತೆಗಾರನಾಗಿದ್ದರೆ, ಪಶ್ಚಿಮಕ್ಕೆ ಹೋದಂತೆ ಅದು ಅನ್ನದ ತಟ್ಟೆಗೂ ಬರುತ್ತದೆ.

ಕಾಳುಪಲ್ಯಕ್ಕೆ ಬೇಕಾಗುವ ಬಹುತೇಕ ಪದಾರ್ಥಗಳು ಇದೇ ಹೊಲಗಳಲ್ಲಿ ಬೆಳೆಯುತ್ತವೆ: ಕಾಳು, ಎಣ್ಣೆಗೆ ಕುಸುಬೆ ಮತ್ತು ಶೇಂಗಾ, ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ, ರುಚಿಗೆ ಉಳ್ಳಾಗಡ್ಡಿ. ಅಕ್ಕಡಿ ಸಾಲುಗಳಲ್ಲಿ ಬಿತ್ತುತ್ತಿದ್ದ ಮಡಿಕೆ, ಅಲಸಂದೆ, ಅವರೆ ಮತ್ತು ಗುರೆಳ್ಳು ಮಾರಾಟಕ್ಕಿಂತ ಮನೆಬಳಕೆಗೆ ಮೀಸಲಾದ ಬೆಳೆಗಳಾಗಿದ್ದವು. ಏಕಬೆಳೆ ಪದ್ಧತಿ ಹೆಚ್ಚಿದಂತೆ ಈ ಅಕ್ಕಡಿ ಕಾಳುಗಳು ಹೊಲದಿಂದ ಮರೆಯಾಗಿ, ಸಂತೆಯಿಂದ ಕೊಳ್ಳುವ ಸರಕಾಗುತ್ತಿವೆ.

ಅಣ್ಣಿಗೇರಿ ಕಡಲೆ

ಅಣ್ಣಿಗೇರಿ ಪಟ್ಟಣದ ಹೆಸರನ್ನು ದೇಶದ ಕೃಷಿ ವಲಯಕ್ಕೆ ಪರಿಚಯಿಸಿದ್ದು 'ಅಣ್ಣಿಗೇರಿ-1' ಎಂಬ ದೇಸಿ ಕಡಲೆ ತಳಿ. 1978ರಲ್ಲಿ ಬಿಡುಗಡೆಯಾದ ಈ ತಳಿಯು ದಶಕಗಳ ಕಾಲ ಕರ್ನಾಟಕದ ಕಡಲೆ ಬೆಳೆಗಾರರ ಮುಖ್ಯ ಆಯ್ಕೆಯಾಗಿತ್ತು. ಕಾಲಕ್ರಮೇಣ ಮಣ್ಣಿನಿಂದ ಹರಡುವ ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗಕ್ಕೆ ಅದು ತುತ್ತಾಗತೊಡಗಿತು. ರೋಗ ತಗುಲಿದ ಗಿಡ ಕಾಯಿ ಕಟ್ಟುವ ಮೊದಲೇ ಬಾಡಿ ಒಣಗುವುದರಿಂದ ರೈತರಿಗೆ ತೀವ್ರ ನಷ್ಟವುಂಟಾಗುತ್ತದೆ. ಇದಕ್ಕೆ ಪರಿಹಾರವಾಗಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದಲ್ಲಿ, ಡಬ್ಲ್ಯು.ಆರ್. 315 ಎಂಬ ತಳಿಯ ರೋಗನಿರೋಧಕ ಗುಣವನ್ನು ಅಣ್ಣಿಗೇರಿ-1ಕ್ಕೆ ಸೇರಿಸಿ 'ಸೂಪರ್ ಅಣ್ಣಿಗೇರಿ-1' ತಳಿಯನ್ನು ರೂಪಿಸಿತು. ಇದನ್ನು 2019ರಲ್ಲಿ ಬಿಡುಗಡೆಗೆ ಆಯ್ಕೆ ಮಾಡಲಾಯಿತು.

ಬಳಸುವ ಕಾಳುಗಳು

• ಮಡಿಕೆ ಕಾಳು (ವಿಗ್ನಾ ಅಕೋನಿಟಿಫೋಲಿಯಾ): ಆಡುಮಾತಿನಲ್ಲಿ ಮಡಕಿಕಾಳು. ಸಣ್ಣ ಗಾತ್ರದ ಕಂದುಬಣ್ಣದ ಕಾಳು. ಒಂದೇ ದಿನದಲ್ಲಿ ಮೊಳಕೆಯೊಡೆಯುತ್ತದೆ. ಮೊಳಕೆ ಬಂದ ಬಳಿಕ ಬೇಗ ಬೇಯುತ್ತದೆ.
• ಹೆಸರು ಕಾಳು (ವಿಗ್ನಾ ರೇಡಿಯೇಟಾ): ನವಲಗುಂದ ಭಾಗದ ಮುಖ್ಯ ಮುಂಗಾರು ಬೆಳೆ. ಹೆಚ್ಚು ಬೆಂದರೆ ಕರಗಿ ಹಿಟ್ಟಾಗುವುದರಿಂದ ಎಚ್ಚರ ಬೇಕು.
• ಅಲಸಂದೆ (ವಿಗ್ನಾ ಅಂಗ್ವಿಕ್ಯುಲೇಟಾ): ಮೃದುವಾದ ತಿರುಳುಳ್ಳ ಕಾಳು. ಮಸೆದಾಗ ರಸಕ್ಕೆ ಕೆನೆಯ ಹದ ಬರುತ್ತದೆ.
• ಕಡಲೆ (ಸೈಸರ್ ಅರೈಟಿನಮ್): ಗಟ್ಟಿಯಾದ ಕಾಳು. ದೀರ್ಘಕಾಲ ನೆನೆಯಬೇಕು ಮತ್ತು ಬೇಯಬೇಕು.
• ಅವರೆ (ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್): ಒಣಗಿದ ಕಾಳನ್ನು ನೆನೆಸಿ, ಕೆಲವೊಮ್ಮೆ ಸಿಪ್ಪೆ ಹಿಚುಕಿ ಬಳಸುತ್ತಾರೆ.
• ಹುರುಳಿ (ಮ್ಯಾಕ್ರೊಟೈಲೋಮಾ ಯೂನಿಫ್ಲೋರಮ್): ಮೊಳಕೆ ಬರಿಸಿ ಪಲ್ಯ ಮಾಡುತ್ತಾರೆ, ಬೇಯಿಸಿದ ಕಟ್ಟಿನಿಂದ ಸಾರು ಮಾಡುವುದುಂಟು.

ಒಣ ಕಾಳುಗಳ 100 ಗ್ರಾಂನಲ್ಲಿ ಸ್ಥೂಲವಾಗಿ 20ರಿಂದ 24 ಗ್ರಾಂ ಪ್ರೋಟೀನು ಇರುತ್ತದೆ. ಕಾಳು ನೆನೆಯುವಾಗ ಮತ್ತು ಬೇಯುವಾಗ ನೀರನ್ನು ಹೀರಿಕೊಳ್ಳುವುದರಿಂದ, ಬೇಯಿಸಿದ ಪಲ್ಯದಲ್ಲಿ ಈ ಪ್ರಮಾಣ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ.

ತಯಾರಿಕೆ

ನೆನೆಸುವುದು ಮತ್ತು ಮೊಳಕೆ ಬರಿಸುವುದು

ಕಾಳನ್ನು ಹಸನು ಮಾಡಿ, ಎರಡು ಮೂರು ಬಾರಿ ತೊಳೆದು, ಮೂರು ಪಟ್ಟು ನೀರಿನಲ್ಲಿ 8ರಿಂದ 10 ಗಂಟೆಗಳ ಕಾಲ ನೆನೆಸುತ್ತಾರೆ. ನೆನೆದ ನೀರನ್ನು ಚೆಲ್ಲಿ, ಕಾಳನ್ನು ಒದ್ದೆಯ ತೆಳು ಅರಿವೆಯಲ್ಲಿ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಇಡಲಾಗುತ್ತದೆ. ಬೇಸಿಗೆಯಲ್ಲಿ 12 ಗಂಟೆಗಳಲ್ಲಿ, ಚಳಿಗಾಲದಲ್ಲಿ 24 ಗಂಟೆ ಅಥವಾ ತುಸು ಹೆಚ್ಚು ಕಾಲದಲ್ಲಿ ಮೊಳಕೆ ಮೂಡುತ್ತದೆ. ಅರಿವೆ ಒಣಗದಂತೆ ನಡುವೆ ನೀರು ಚಿಮುಕಿಸಬೇಕು. ಪಲ್ಯಕ್ಕೆ ಮೊಳಕೆಯು ಕಾಳಿನ ಉದ್ದಕ್ಕಿಂತ ಹೆಚ್ಚು ಬೆಳೆಯಬಾರದು. ಬೆಳೆದರೆ ಬೇಯುವಾಗ ಕಾಳು ಚೂರಾಗುತ್ತದೆ.

ಬೇಯಿಸುವುದು

ಕಾಳು ಬೇಯುವ ವೇಗವು ನೀರಿನ ಗುಣವನ್ನು ಅವಲಂಬಿಸಿದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಲವಣಗಳಿರುವ ಗಡಸು ನೀರಿನಲ್ಲಿ ಕಾಳಿನ ಸಿಪ್ಪೆ ಬಿರುಸಾಗಿಯೇ ಉಳಿಯುತ್ತದೆ. ನವಲಗುಂದ ಮತ್ತು ಅಣ್ಣಿಗೇರಿ ಭಾಗದಲ್ಲಿ ಅಂತರ್ಜಲ ಸವುಳಾಗಿರುವುದರಿಂದ ಕುಡಿಯಲು ಮಾತ್ರವಲ್ಲದೆ ಕಾಳು ಬೇಯಿಸಲೂ ಕೆರೆಯ ಸಿಹಿನೀರೇ ಉತ್ತಮ. ಬಹುಕಾಲ ಸಂಗ್ರಹಿಸಿಟ್ಟ ಹಳೆಯ ಕಾಳೂ ಬೇಗ ಬೇಯುವುದಿಲ್ಲ. ಅಡುಗೆ ಸೋಡಾ ಸೇರಿಸಿದರೆ ಕಾಳು ಬೇಗ ಮೆತ್ತಗಾಗುತ್ತದೆ. ಆದರೆ ಅದರಲ್ಲಿರುವ ಬಿ1 ಜೀವಸತ್ವ ನಾಶವಾಗುತ್ತದೆ.

ಪ್ರೆಶರ್ ಕುಕ್ಕರಿನಲ್ಲಿ ಮೊಳಕೆ ಬಂದ ಮಡಿಕೆ ಮತ್ತು ಹೆಸರಿಗೆ ಒಂದು ಸೀಟಿ, ನೆನೆದ ಅಲಸಂದೆಗೆ ಎರಡು ಮೂರು, ಕಡಲೆಗೆ ಐದಾರು ಸೀಟಿ ಸಾಮಾನ್ಯವಾಗಿ ಸಾಕು. ಹುಣಸೆಹುಳಿಯನ್ನು ಕಾಳು ಪೂರ್ತಿ ಬೆಂದ ನಂತರವೇ ಹಾಕಬೇಕು. ಹುಳಿಯ ಅಂಶವು ಕಾಳು ಮೆತ್ತಗಾಗುವುದನ್ನು ತಡೆಯುತ್ತದೆ. ಕಾಳು ಬೆಂದ ನೀರನ್ನು ಚೆಲ್ಲದೆ ರಸಕ್ಕೆ ಬಳಸಿಕೊಳ್ಳುತ್ತಾರೆ.

ಒಗ್ಗರಣೆ ಮತ್ತು ಗಟ್ಟಿಗೊಳಿಸುವುದು

ಆರು ಜನರ ಊಟಕ್ಕೆ ಒಂದು ಸಾಮಾನ್ಯ ಪ್ರಮಾಣ ಹೀಗಿದೆ.

• ಒಣ ಮಡಿಕೆ ಅಥವಾ ಅಲಸಂದೆ ಕಾಳು: 250 ಗ್ರಾಂ
• ಉಳ್ಳಾಗಡ್ಡಿ: ಮಧ್ಯಮ ಗಾತ್ರದ 2
• ಬೆಳ್ಳುಳ್ಳಿ: 8ರಿಂದ 10 ಎಸಳು
• ಎಣ್ಣೆ: 3 ದೊಡ್ಡ ಚಮಚ
• ಮಸಾಲೆ ಖಾರ: 2 ಸಣ್ಣ ಚಮಚ
• ಹುರಿದ ಶೇಂಗಾ ಪುಡಿ: 4 ದೊಡ್ಡ ಚಮಚ
• ಗುರೆಳ್ಳಿನ ಪುಡಿ: 1 ದೊಡ್ಡ ಚಮಚ
• ತುರಿದ ಒಣಕೊಬ್ಬರಿ: 2 ದೊಡ್ಡ ಚಮಚ
• ಹುಣಸೆಹಣ್ಣು: ಸಣ್ಣ ನೆಲ್ಲಿಕಾಯಿಯಷ್ಟು
• ಬೆಲ್ಲ, ಅರಿಸಿನ, ಸಾಸಿವೆ, ಜೀರಿಗೆ, ಕರಿಬೇವು, ಕೊತ್ತಂಬರಿ ಸೊಪ್ಪು, ಉಪ್ಪು: ಅಗತ್ಯವಿದ್ದಷ್ಟು

ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಕರಿಬೇವು ಮತ್ತು ಜಜ್ಜಿದ ಬೆಳ್ಳುಳ್ಳಿ ಹಾಕಿ, ಹೆಚ್ಚಿದ ಉಳ್ಳಾಗಡ್ಡಿಯನ್ನು ಕೆಂಪಗಾಗುವವರೆಗೆ ಹುರಿಯುತ್ತಾರೆ. ಅರಿಸಿನ ಮತ್ತು ಮಸಾಲೆ ಖಾರವನ್ನು ಸೇರಿಸಿದ ಕೂಡಲೆ, ಅದು ಸೀಯುವ ಮೊದಲೇ, ಬೆಂದ ಕಾಳನ್ನು ಕಟ್ಟಿನ ಸಮೇತ ಸುರಿಯಬೇಕು. ಉಪ್ಪು, ಹುಳಿ, ಬೆಲ್ಲ ಕೂಡಿಸಿ ಹತ್ತು ನಿಮಿಷ ಕುದಿಸಿದ ನಂತರ ಒಂದು ಸೌಟಿನಷ್ಟು ಕಾಳನ್ನು ಪಾತ್ರೆಯ ಅಂಚಿಗೆ ಒತ್ತಿ ಮಸೆಯುತ್ತಾರೆ. ಕಾಳಿನ ಪಿಷ್ಟವು ರಸಕ್ಕೆ ಬಿಟ್ಟುಕೊಂಡು ರಸ ದಪ್ಪವಾಗುತ್ತದೆ. ಕೊನೆಗೆ ಶೇಂಗಾ ಪುಡಿ, ಗುರೆಳ್ಳಿನ ಪುಡಿ ಮತ್ತು ಕೊಬ್ಬರಿ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಡಲಾಗುತ್ತದೆ. ಎಣ್ಣೆ ಮೇಲೆ ತೇಲಿದರೆ ಪಲ್ಯ ಹದಕ್ಕೆ ಬಂದಿದೆ ಎಂದು ತಿಳಿಯುತ್ತಾರೆ. ಶೇಂಗಾ ಅಲರ್ಜಿ ಇರುವವರಿಗೆ ಮಸೆದ ಕಾಳು ಮತ್ತು ಕೊಬ್ಬರಿಯಿಂದಲೇ ಹದ ತರಬಹುದು.

ಹಾಲಿನ ಕೆನೆಯನ್ನು ಪಲ್ಯದಲ್ಲಿ ಬೆರೆಸುವ ರೂಢಿ ಇಲ್ಲ. ಅದರ ಬದಲು ಬಡಿಸುವಾಗ ಪಲ್ಯದ ಪಕ್ಕದಲ್ಲಿ ಕೆನೆಮೊಸರನ್ನು ಹಾಕುತ್ತಾರೆ. ಮೊಸರನ್ನು ಪಲ್ಯದೊಳಗೆ ಕುದಿಸಿದರೆ ಒಡೆಯುತ್ತದೆ.

ಮುಂಚಿತವಾಗಿ ಸಿದ್ಧಪಡಿಸುವ ಕ್ರಮ

ಕಾಳುಪಲ್ಯದ ಕೆಲಸವನ್ನು ಎರಡು ಮೂರು ದಿನಗಳಿಗೆ ಹಂಚಬಹುದು. ಹೊಲದ ಕೆಲಸಕ್ಕೆ ಬೆಳಗ್ಗೆಯೇ ಹೊರಡಬೇಕಾದ ಮಹಿಳೆಯರಿಗೆ ಈ ಹಂಚಿಕೆಯಿಂದ ಮುಂಜಾವಿನ ಹೊತ್ತು ರೊಟ್ಟಿ ಬಡಿಯಲು ಬಿಡುವು ದೊರೆಯುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗ ರಾತ್ರಿ ಕಾಳು ನೆನೆಹಾಕಿ, ಮರುದಿನ ಬೆಳಗ್ಗೆ ಬಸಿದು ಅರಿವೆಯಲ್ಲಿ ಕಟ್ಟಿದರೆ, ಹಬ್ಬದ ದಿನ ಬೆಳಗ್ಗೆ ಮೊಳಕೆ ಸಿದ್ಧವಾಗಿರುತ್ತದೆ. ಶೇಂಗಾ ಹುರಿದು ಪುಡಿ ಮಾಡುವುದು, ಕೊಬ್ಬರಿ ತುರಿಯುವುದು ಮತ್ತು ಮಸಾಲೆ ಖಾರ ಕುಟ್ಟುವುದನ್ನು ವಾರದ ಮೊದಲೇ ಮುಗಿಸಬಹುದು. ಈ ಒಣ ಪುಡಿಗಳು ತೇವ ತಾಗದ ಡಬ್ಬಿಯಲ್ಲಿ ಕೆಡದೆ ಉಳಿಯುತ್ತವೆ.

ತಂಪುಪೆಟ್ಟಿಗೆ ಇಲ್ಲದ ಅಥವಾ ವಿದ್ಯುತ್ ಪೂರೈಕೆ ಅನಿಶ್ಚಿತವಾಗಿರುವ ಮನೆಗಳಲ್ಲಿ ಇಷ್ಟಕ್ಕೇ ನಿಲ್ಲಿಸಿ, ಬೇಯಿಸುವ ಕೆಲಸವನ್ನು ಉಣ್ಣುವ ದಿನವೇ ಮಾಡುವುದು ಕ್ಷೇಮ. ತಂಪುಪೆಟ್ಟಿಗೆ ಇದ್ದಲ್ಲಿ ಪಲ್ಯವನ್ನೇ ಹಿಂದಿನ ದಿನ ಮಾಡಿಡಬಹುದು. ಆಗ ಗಮನಿಸಬೇಕಾದ ಅಂಶಗಳು ಹೀಗಿವೆ.

1. ರಸವನ್ನು ಬೇಕಾದುದಕ್ಕಿಂತ ತೆಳುವಾಗಿ ಇಡಬೇಕು. ಕಾಳಿನ ಪಿಷ್ಟ ಮತ್ತು ಶೇಂಗಾ ಪುಡಿ ರಾತ್ರಿಯಿಡೀ ನೀರನ್ನು ಹೀರಿಕೊಳ್ಳುವುದರಿಂದ ಮರುದಿನ ಪಲ್ಯ ತಾನಾಗಿಯೇ ಗಟ್ಟಿಯಾಗುತ್ತದೆ.
2. ಶೇಂಗಾ ಪುಡಿಯ ಅರ್ಧಭಾಗವನ್ನು ಮಾತ್ರ ಮೊದಲ ದಿನ ಹಾಕಿ, ಉಳಿದುದನ್ನು ಮತ್ತೆ ಬಿಸಿ ಮಾಡುವಾಗ ಸೇರಿಸಿದರೆ ರುಚಿ ತಾಜಾ ಆಗಿರುತ್ತದೆ, ತಳವೂ ಹತ್ತುವುದಿಲ್ಲ.
3. ಹಸಿಕೊಬ್ಬರಿ, ಕೊತ್ತಂಬರಿ ಸೊಪ್ಪು, ಹಸಿ ಉಳ್ಳಾಗಡ್ಡಿ ಮತ್ತು ಮೊಸರನ್ನು ಬಡಿಸುವ ವೇಳೆಗೆ ಮಾತ್ರ ಬಳಸಬೇಕು.
4. ಬಿಸಿ ಪಲ್ಯವನ್ನು ಆಳವಾದ ಬೋಗುಣಿಯಲ್ಲಿ ಮುಚ್ಚಿಡದೆ, ಅಗಲವಾದ ಪಾತ್ರೆಗಳಿಗೆ ತೆಳುವಾಗಿ ಹರಡಿ, ತಣ್ಣೀರಿನ ಪರಾತದಲ್ಲಿಟ್ಟು ಆರಿಸಬೇಕು. ಒಲೆಯಿಂದ ಇಳಿಸಿದ ಎರಡು ಗಂಟೆಗಳೊಳಗೆ ತಂಪುಪೆಟ್ಟಿಗೆಗೆ ಸೇರಿಸಬೇಕು.
5. ಮರುದಿನ ಸ್ವಲ್ಪ ಬಿಸಿನೀರು ಬೆರೆಸಿ, ತಳದಿಂದ ಕೈಯಾಡಿಸುತ್ತ, ಇಡೀ ಪಲ್ಯ ಕೊತಕೊತನೆ ಕುದಿಯುವವರೆಗೆ ಕಾಯಿಸಬೇಕು. ಒಮ್ಮೆ ಬಿಸಿ ಮಾಡಿ ಉಳಿದುದನ್ನು ಮತ್ತೆ ಎತ್ತಿಡಬಾರದು.

ಆಹಾರ ಸುರಕ್ಷತೆ

ಬೇಯಿಸಿದ ಕಾಳಿನಲ್ಲಿ ನೀರು, ಪ್ರೋಟೀನು ಮತ್ತು ಪಿಷ್ಟ ಮೂರೂ ಹೇರಳವಾಗಿರುವುದರಿಂದ ಅದು ಸೂಕ್ಷ್ಮಜೀವಿಗಳಿಗೂ ಒಳ್ಳೆಯ ಆಹಾರ. ಬ್ಯಾಸಿಲಸ್ ಸೀರಿಯಸ್ ಮತ್ತು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಬದುಕುಳಿಯಬಲ್ಲವು. ಪಾತ್ರೆ ನಿಧಾನವಾಗಿ ಆರುವಾಗ, ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ, ಅವು ಮೊಳೆತು ವೃದ್ಧಿಯಾಗುತ್ತವೆ. ಬ್ಯಾಸಿಲಸ್ ಸೀರಿಯಸ್ ಉತ್ಪಾದಿಸುವ ವಾಂತಿಕಾರಕ ವಿಷವು ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ 'ಬೆಳಗ್ಗೆ ಕುದಿಸಿದರಾಯಿತು' ಎಂದು ಪಲ್ಯವನ್ನು ರಾತ್ರಿಯಿಡೀ ಹೊರಗಿಡುವುದು ಸರಿಯಲ್ಲ. ಹುಳಿ ಮತ್ತು ಖಾರ ಹೆಚ್ಚಿದ್ದರೆ ಪಲ್ಯ ಕೆಡದು ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಪಲ್ಯದಲ್ಲಿರುವ ಹುಳಿ ಉಪ್ಪಿನಕಾಯಿಯಲ್ಲಿರುವಷ್ಟು ತೀಕ್ಷ್ಣವಾಗಿರುವುದಿಲ್ಲ. ಜಾತ್ರೆ ಮತ್ತು ಮದುವೆಗಳ ದೊಡ್ಡ ಹಂಡೆಗಳಲ್ಲಿ ನಡುಭಾಗ ಬಹಳ ಹೊತ್ತು ಉಗುರುಬೆಚ್ಚಗೆ ಉಳಿಯುವುದರಿಂದ ಅಪಾಯ ಇನ್ನೂ ಹೆಚ್ಚು. ಅಂತಹ ಕಡೆ ಪಲ್ಯವನ್ನು ಸಣ್ಣ ಕೆಂಡದ ಮೇಲೆ ಬಿಸಿಯಾಗಿಯೇ ಇರಿಸುವುದು ಅಥವಾ ಹಂತಹಂತವಾಗಿ ಮಾಡುವುದು ಒಳಿತು.

ಮೊಳಕೆ ಬರಿಸುವ ತೇವ ಮತ್ತು ಬೆಚ್ಚನೆಯ ವಾತಾವರಣವೂ ರೋಗಾಣುಗಳಿಗೆ ಅನುಕೂಲಕರ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಈ-ಕೊಲೈ ಸೋಂಕಿನಿಂದ 50ಕ್ಕೂ ಹೆಚ್ಚು ಜನರು ಮೃತಪಟ್ಟರು. ಮೊಳಕೆಯನ್ನು ಬೇಯಿಸಿಯೇ ಉಣ್ಣುವ ಕಾಳುಪಲ್ಯದ ಪದ್ಧತಿಯಲ್ಲಿ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಜಿಗುಟು ಅಥವಾ ಹುಳಿವಾಸನೆ ಕಂಡ ಮೊಳಕೆಯನ್ನು ಬಳಸಬಾರದು.

ಮಡಿಕೆ, ಹೆಸರು ಮೊದಲಾದ ಸ್ಥಳೀಯ ಕಾಳುಗಳ ಬದಲು ರಾಜ್ಮಾ ಬಳಸುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇರುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಬಿಂದು ತಲುಪದ ಮಂದ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ವಿಷ ಉಳಿಯುತ್ತದೆ. ಅರೆಬೆಂದ ನಾಲ್ಕೈದು ಕಾಳುಗಳೂ ವಾಂತಿ ಭೇದಿಗೆ ಕಾರಣವಾಗಬಲ್ಲವು.

ಪೌಷ್ಟಿಕತೆ

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಸಾಕಷ್ಟಿದೆ. ಕಾಳುಗಳಲ್ಲಿ ಕೊರತೆಯಿರುವ ಮೆಥಿಯೊನಿನ್ ಅನ್ನು ಜೋಳ ಒದಗಿಸುತ್ತದೆ. ಹೀಗೆ ರೊಟ್ಟಿ ಮತ್ತು ಕಾಳುಪಲ್ಯ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ನೆನೆಸುವುದರಿಂದ ಮತ್ತು ಮೊಳಕೆ ಬರಿಸುವುದರಿಂದ ಕಬ್ಬಿಣ ಹಾಗೂ ಸತುವಿನ ಹೀರಿಕೆಗೆ ಅಡ್ಡಿಪಡಿಸುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಬಡಿಸುವಾಗ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ವಿಶ್ವಸಂಸ್ಥೆಯು 2016ನ್ನು ಅಂತಾರಾಷ್ಟ್ರೀಯ ದ್ವಿದಳ ಧಾನ್ಯ ವರ್ಷವೆಂದು ಆಚರಿಸಿತ್ತು. ಫೆಬ್ರುವರಿ 10 ವಿಶ್ವ ದ್ವಿದಳ ಧಾನ್ಯ ದಿನವಾಗಿದೆ.

ಹಬ್ಬ ಮತ್ತು ಆಚರಣೆಗಳಲ್ಲಿ

ಮುಂಚಿತವಾಗಿ ಅಡುಗೆ ಸಿದ್ಧಪಡಿಸುವ ಸಂಪ್ರದಾಯ ಶ್ರಾವಣ ಮಾಸದ ನಾಗರ ಪಂಚಮಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡಬಾರದು, ಹುರಿಯಬಾರದು, ಕರಿಯಬಾರದು ಎಂಬ ನಂಬಿಕೆ ಅನೇಕ ಮನೆತನಗಳಲ್ಲಿದೆ. ಆದ್ದರಿಂದ ಉಂಡಿಗಳೊಂದಿಗೆ ಎಳ್ಳು ಹಚ್ಚಿದ ಖಡಕ್ ರೊಟ್ಟಿಗಳನ್ನು ದಿನಗಳ ಮೊದಲೇ ಮಾಡಿಡುತ್ತಾರೆ. ಪಂಚಮಿಗೆ ಮುಂಚೆ ಬರುವ 'ರೊಟ್ಟಿ ಹಬ್ಬ' ಅಥವಾ 'ರೊಟ್ಟಿ ಪಂಚಮಿ'ಯ ದಿನ ರೊಟ್ಟಿಯ ಮೇಲೆ ಹಲವು ಬಗೆಯ ಕಾಳುಪಲ್ಯ, ಬದನೆಕಾಯಿ ಪಲ್ಯ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿ ಇಟ್ಟು ನೆರೆಹೊರೆಯವರಿಗೆ ಬೀರುತ್ತಾರೆ. ಕೊಟ್ಟ ಮನೆಯವರು ತಮ್ಮ ಮನೆಯ ರೊಟ್ಟಿ ಪಲ್ಯವನ್ನು ಮರಳಿ ಕೊಡುತ್ತಾರೆ. ಹೀಗೆ ಒಂದೇ ಊಟದಲ್ಲಿ ಓಣಿಯ ಎಲ್ಲ ಮನೆಗಳ ಕೈರುಚಿ ಸೇರುತ್ತದೆ.

ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಳಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಸಹಭೋಜನ ಮಾಡುತ್ತವೆ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರನ್ನದ ಜೊತೆಗೆ ಕಾಳುಪಲ್ಯ ಇದ್ದೇ ಇರುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯು 'ರೊಟ್ಟಿ ಜಾತ್ರೆ' ಎಂದೇ ಪ್ರಸಿದ್ಧ. ಅಲ್ಲಿ ಭಕ್ತರು ಮೊದಲೇ ಸಿದ್ಧಪಡಿಸಿದ ರೊಟ್ಟಿಗಳನ್ನು ಪಲ್ಯದೊಡನೆ ಜಾತಿಭೇದವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಹೋಲುವ ಖಾದ್ಯಗಳು

ಕಲಬುರಗಿ ಮತ್ತು ಬೀದರ ಭಾಗದಲ್ಲಿ ಎಳ್ಳ ಅಮಾವಾಸ್ಯೆಗೆ ಹಸಿಕಾಳು, ಸೊಪ್ಪು ಮತ್ತು ತರಕಾರಿಗಳನ್ನು ಕಡಲೆಹಿಟ್ಟಿನೊಡನೆ ಗಟ್ಟಿಯಾಗಿ ಬೇಯಿಸಿ ಮಾಡುವ ಭಜ್ಜಿ, ಮಹಾರಾಷ್ಟ್ರದ ಉಸಳ ಇದರ ಹತ್ತಿರದ ಬಂಧುಗಳು. ಹೊರದೇಶಗಳಲ್ಲಿಯೂ ಕಾಳನ್ನು ಹಿಂದಿನ ದಿನವೇ ಸಿದ್ಧಪಡಿಸುವ ಪದ್ಧತಿಗಳಿವೆ. ಸಬ್ಬತ್ ದಿನ ಬೆಂಕಿ ಹೊತ್ತಿಸದ ಯೆಹೂದಿ ಸಂಪ್ರದಾಯಸ್ಥರು ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಒಲೆಗಿಟ್ಟು ಶನಿವಾರ ಉಣ್ಣುವ 'ಚೋಲೆಂಟ್', ದಕ್ಷಿಣ ಫ್ರಾನ್ಸಿನ 'ಕ್ಯಾಸುಲೆ' ಹಾಗೂ ಅಮೆರಿಕದ ಬಾಸ್ಟನ್ ನಗರದ ಹೆಸರಿನಲ್ಲಿ ಪ್ರಸಿದ್ಧವಾದ, ಕಾಕಂಬಿ ಸೇರಿಸಿದ 'ಬೇಕ್ಡ್ ಬೀನ್ಸ್' ಇದಕ್ಕೆ ಉದಾಹರಣೆಗಳು. ಅವುಗಳಲ್ಲಿ ಓವನ್ನಿನ ಮಂದ ಕಾವು ಮತ್ತು ಮಾಂಸದ ಕೊಬ್ಬು ಮಾಡುವ ಕೆಲಸವನ್ನು ಧಾರವಾಡದ ಅಡುಗೆಯಲ್ಲಿ ಮಸೆದ ಕಾಳು ಮತ್ತು ಶೇಂಗಾ ಪುಡಿ ಮಾಡುತ್ತವೆ.

ಇವನ್ನೂ ನೋಡಿ

• ಜೋಳದ ರೊಟ್ಟಿ
• ನಾಗರ ಪಂಚಮಿ
• ಎಳ್ಳ ಅಮಾವಾಸ್ಯೆ
• ಬ್ಯಾಡಗಿ ಮೆಣಸಿನಕಾಯಿ
• ಅಣ್ಣಿಗೇರಿ